ಬೆಳಕು ಕೊಡುವವರಿಗೂ ದಂಡವುಂಟೆ?

ಬಿನ್ನಿ ಗಿರಣಿಯಿಂದ ಹೆಸರು ಪಡೆದ ನಮ್ಮ ಬಿನ್ನಿಪೇಟೆಯಲ್ಲಿ ಮಳೆಗಾಲದ ಸಂಜೆ ದೀಪ ಆರಿತೆಂದರೆ ಹುಡುಗರು ಪುಸ್ತಕ ಮಡಿಚುತ್ತಾರೆ, ಹಿರಿಯರು ಮೇಣದ ಬತ್ತಿ ಹುಡುಕುತ್ತಾರೆ. ಸ್ವಲ್ಪ ಹೊತ್ತು ಗೊಣಗಿ ಎಲ್ಲರೂ ಸುಮ್ಮನಾಗುತ್ತೇವೆ. ವಿದ್ಯುತ್ತೂ ಮಳೆಯಂತೆ ದೈವಾಧೀನವೆಂದು ನಾವು ಭಾವಿಸಿದಂತಿದೆ. ಶಿವನಸಮುದ್ರದ ವಿದ್ಯುತ್ತಿನಿಂದ ೧೯೦೫ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದಾಗ ಅದೊಂದು ವಿಸ್ಮಯವಾಗಿತ್ತು. ಇಂದಾದರೋ ಅದು ನಾವು ಹಣ ತೆತ್ತು ಕೊಳ್ಳುವ, ಕಾನೂನಿನ ಕಟ್ಟಳೆಗೆ ಒಳಪಟ್ಟ ಸೇವೆ.

ಕಟ್ಟಳೆಯು ಎರಡು ಪಕ್ಷಗಳಿಗೂ ಉಂಟು. ಬಳಕೆದಾರನು ಹಣ ಕಟ್ಟದಿದ್ದರೆ, ೧೫ ದಿನಗಳ ನೋಟೀಸು ಕೊಟ್ಟು ಸಂಪರ್ಕವನ್ನು ಕಡಿಯಲು ೨೦೦೩ರ ವಿದ್ಯುಚ್ಛಕ್ತಿ ಅಧಿನಿಯಮವು ಅವಕಾಶವೀಯುತ್ತದೆ. ಸರಬರಾಜು ಮಾಡುವ ಕಂಪನಿಯೇ ನಿಯಮ ಮುರಿದರೆ? ೧೯೯೯ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಅದನ್ನು ವಿಚಾರಿಸತಕ್ಕದ್ದು. ೨೦೦೩ರಲ್ಲಿ ಬರೆದ ೧೪೨ನೆಯ ಪ್ರಕರಣದ ಮೇರೆಗೆ ಪ್ರತಿಯೊಂದು ಉಲ್ಲಂಘನೆಗೆ ೧ ಲಕ್ಷ ರೂಪಾಯಿಗೆ ಮೀರದ ದಂಡ. ತಪ್ಪು ಮುಂದುವರಿದರೆ ದಿನವೊಂದಕ್ಕೆ ೬,೦೦೦ ರೂಪಾಯಿಗೆ ಮೀರದ ಹೆಚ್ಚಿನ ದಂಡ.

ವಿದ್ಯಾರ್ಥಿಗಳು ಸ್ವಲ್ಪ ಲೆಕ್ಕ ಹಾಕಿ ನೋಡಲಿ. ಒಂದು ತಪ್ಪನ್ನು ವರ್ಷವಿಡೀ ತಿದ್ದದೆ ಬಿಟ್ಟು, ದಿನವೂ ಪೂರ್ಣ ದಂಡ ತೆತ್ತರೂ ಒಟ್ಟು ಮೊತ್ತ ೨೩ ಲಕ್ಷಕ್ಕೆ ಮುಟ್ಟುವುದಿಲ್ಲ. ವರ್ಷಕ್ಕೆ ಸಾವಿರಾರು ಕೋಟಿ ರೂಪಾಯಿಗಳ ವಹಿವಾಟು ನಡೆಸುವ ಸಂಸ್ಥೆಗೆ ಇದು ಆನೆಯ ಬೆನ್ನ ಮೇಲೆ ಕುಳಿತ ನೊಣ.

ಉಗಿಯಂತ್ರಕ್ಕೆ ಜೇಮ್ಸ್ ವಾಟನು ೧೭೮೮ರಲ್ಲಿ ಅಳವಡಿಸಿದ ವೇಗನಿಯಂತ್ರಕವನ್ನು ನೆನೆಯೋಣ. ಯಂತ್ರದ ವೇಗ ಹೆಚ್ಚಿದಂತೆಲ್ಲ ಅದರ ಎರಡು ಗುಂಡುಗಳು ದೂರ ಸರಿದು ಉಗಿಯ ದಾರಿಯನ್ನು ಕಿರಿದುಮಾಡುತ್ತವೆ. ತಪ್ಪು ಎಷ್ಟೋ ತಿದ್ದುವ ಬಲವೂ ಅಷ್ಟು. ಇದೇ ಅದರ ರಹಸ್ಯ. ಕಾನೂನಿನ ದಂಡವೂ ಇಂತಹುದೇ ಒಂದು ಯಂತ್ರ. ತಪ್ಪು ಬೆಳೆದರೂ ದಂಡ ಬೆಳೆಯದಿದ್ದರೆ ಅದು ನಿಯಂತ್ರಕವಲ್ಲ, ಅಲಂಕಾರ.

ಇದು ಬರಿಯ ಹಣದ ಮಾತಲ್ಲ. ೨೦೨೩ರ ನವೆಂಬರಿನಲ್ಲಿ ಬೆಂಗಳೂರಿನ ಕಾಡುಗೋಡಿಯ ಬಳಿ, ಕಾಲುದಾರಿಯ ಮೇಲೆ ಬಿದ್ದಿದ್ದ ತಂತಿಯನ್ನು ತುಳಿದು ತಾಯಿಯೂ ಒಂಬತ್ತು ತಿಂಗಳ ಮಗುವೂ ಸತ್ತರು. ದೊಡ್ಡ ತಂತಿಯೇ ಬೇಕೆಂದಿಲ್ಲ. ಮನೆಗೆ ಬರುವ ೨೩೦ ವೋಲ್ಟೂ ಸಾಕು. ಒದ್ದೆ ಮೈಯ ತಡೆ ಸುಮಾರು ೧,೦೦೦ ಓಮ್ ಎಂದು ಹಿಡಿದರೆ, ಓಮನ ನಿಯಮದಂತೆ ೨೩೦ ಮಿಲಿಆಂಪಿಯರ್ ಪ್ರವಾಹ ಹರಿಯುತ್ತದೆ. ಅದರ ಅರ್ಧದಷ್ಟೇ ಹೃದಯದ ಬಡಿತವನ್ನು ಕೆಡಿಸಬಲ್ಲುದು. ಆದರೆ ಇಷ್ಟು ಅಲ್ಪ ಪ್ರವಾಹಕ್ಕೆ ಬೀದಿಯ ಫ್ಯೂಸು ಕರಗುವುದೇ ಇಲ್ಲ. ಸೋರಿಕೆಯನ್ನು ಗುರುತಿಸಿ ತಂತಿಯನ್ನು ನಿರ್ಜೀವಗೊಳಿಸುವ ಸಾಧನಗಳೂ ನಿಯತವಾದ ತಪಾಸಣೆಯೂ ಬೇಕು. ಕಾಡುಗೋಡಿಯ ದುರಂತದ ತರುವಾಯ ಕೆಲವರು ಅಮಾನತುಗೊಂಡರು. ಆದರೆ ಅಮಾನತಿನಿಂದ ಕಂಬದ ಮೇಲೆ ಒಂದು ಸಾಧನವೂ ಏರುವುದಿಲ್ಲ.

ನ್ಯಾಯಾಲಯಗಳು ಈ ವಿಷಯದಲ್ಲಿ ದೃಢವಾಗಿ ನುಡಿದಿವೆ. ಮಧ್ಯಪ್ರದೇಶದಲ್ಲಿ ರಸ್ತೆಗೆ ಬಿದ್ದ ತಂತಿ ತಗಲಿ ಸೈಕಲ್ ಸವಾರನೊಬ್ಬನು ಸತ್ತಾಗ, ಯಾರೋ ವಿದ್ಯುತ್ತು ಕದ್ದದ್ದೇ ಅದಕ್ಕೆ ಕಾರಣವೆಂದು ವಿದ್ಯುಚ್ಛಕ್ತಿ ಮಂಡಲಿ ವಾದಿಸಿತು. ೨೦೦೨ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಅಪಾಯಕರವಾದ ವಸ್ತುವನ್ನು ಹರಿಯಬಿಟ್ಟವರೇ ಅದರ ಹಾನಿಗೆ ಹೊಣೆ ಎಂದಿತು.

‘ಕಂಪನಿ ಸರ್ಕಾರದ್ದು; ಅದಕ್ಕೆ ದಂಡ ಹಾಕಿದರೆ ಜನರ ಹಣವೇ ತಾನೆ ಹೋಗುವುದು?’ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ದಂಡವನ್ನು ಬಿಡುವುದಲ್ಲ, ಅದರ ದಾರಿಯನ್ನು ಸರಿಪಡಿಸುವುದು. ದಂಡವು ತಪ್ಪಿನ ಗಾತ್ರಕ್ಕೂ ಅವಧಿಗೂ ತಕ್ಕಂತೆ ಏರಬೇಕು. ಅದನ್ನು ದರಪಟ್ಟಿಯಲ್ಲಿ ಸೇರಿಸಿ ಬಳಕೆದಾರನ ತಲೆಗೆ ಕಟ್ಟಲೇಕೂಡದು. ಪರಿಹಾರವು ನೊಂದವನ ಕೈಗೆ ತಾನಾಗಿಯೇ ಸೇರಬೇಕು. ದೂರದಿಂದಲೇ ಅಳೆಯಬಹುದಾದ ಲೋಪಗಳಿಗೆ ೨೦೨೦ರ ಬಳಕೆದಾರರ ಹಕ್ಕುಗಳ ನಿಯಮಗಳು ಹೇಳಿರುವುದೂ ಇದನ್ನೇ. ಹೊಣೆಯು ತಂತಿ ಏರುವ ಬಡ ಕೆಲಸಗಾರನಲ್ಲಿಗೇ ನಿಲ್ಲದೆ, ಸಾಧನಕ್ಕೆ ಹಣ ಕೊಡಬೇಕಾದವರವರೆಗೂ ಏರಬೇಕು.

ಇನ್ನು ನಮ್ಮ ಪಾಲಿನ ಕೆಲಸ. ದೀಪ ಆರಿದಾಗ, ತಂತಿ ಜೋತುಬಿದ್ದಾಗ ಗೊಣಗಿ ಮಲಗದೆ ದೂರು ಕೊಡೋಣ; ಅದರ ಸಂಖ್ಯೆ, ದಿನ, ವೇಳೆಗಳನ್ನು ಬರೆದಿಡೋಣ. ಅಳತೆಯಿಲ್ಲದೆ ವಿಜ್ಞಾನವಿಲ್ಲ, ದಾಖಲೆಯಿಲ್ಲದೆ ನ್ಯಾಯವೂ ಇಲ್ಲ.