ಸ್ಥಳಕ್ಕೆ ಹೋಗದ ಸುದ್ದಿ

2025ರ ಮಾರ್ಚ್ 6ರ ರಾತ್ರಿ ಗಂಗಾವತಿ ತಾಲ್ಲೂಕಿನ ಸಣಾಪುರದ ಬಳಿ, ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದಲ್ಲಿ ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಜೊತೆಗಿದ್ದ ಮೂವರು ಪುರುಷರನ್ನು ಕಾಲುವೆಗೆ ದೂಡಲಾಯಿತು. ಅವರಲ್ಲಿ ಒಬ್ಬರು ಪ್ರಾಣ ಕಳೆದುಕೊಂಡರು. ಮರುದಿನದಿಂದಲೇ ದೇಶದ ಬಹಳಷ್ಟು ಪತ್ರಿಕೆ, ವಾಹಿನಿಗಳಲ್ಲಿ ಅದು ‘ಹಂಪಿ ಪ್ರಕರಣ’ವಾಯಿತು. ಹಂಪಿ ಇರುವುದು ತುಂಗಭದ್ರಾ ಹೊಳೆಯಾಚೆ, ವಿಜಯನಗರ ಜಿಲ್ಲೆಯಲ್ಲಿ. ಸಣಾಪುರ ಈಚೆ, ಕೊಪ್ಪಳ ಜಿಲ್ಲೆಯಲ್ಲಿದೆ. ಇಲ್ಲಿನ ಪೊಲೀಸ್ ಠಾಣೆ ಬೇರೆ, ಜಿಲ್ಲಾಡಳಿತ ಬೇರೆ, ಜನರ ಪ್ರಶ್ನೆಗೆ ಉತ್ತರ ಕೊಡಬೇಕಾದ ಅಧಿಕಾರಿಗಳೂ ಬೇರೆ. ಊರಿನ ಹೆಸರು ತಪ್ಪಿದರೆ ಹೊಣೆಗಾರಿಕೆಯೂ ತಪ್ಪುತ್ತದೆ. ನಕಾಶೆ ನೋಡಿದ್ದರೆ ಸಾಕಿತ್ತು, ಈ ತಪ್ಪು ನಡೆಯುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಹೆಸರು ಮುಚ್ಚಿಟ್ಟರೆ ಸಾಲದು, ಗುರುತು ಹಿಡಿಯಲು ನೆರವಾಗುವ ಯಾವ ವಿವರವೂ ಹೊರಬರಬಾರದು ಎಂದು ಸುಪ್ರೀಂ ಕೋರ್ಟ್ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ 2018ರ ಡಿಸೆಂಬರ್ 11ರಂದು ಸ್ಪಷ್ಟವಾಗಿ ಹೇಳಿದೆ. ಆದರೂ ಸಂತ್ರಸ್ತರ ವಯಸ್ಸು, ಕೆಲಸ, ಇದ್ದ ಜಾಗ ಎಲ್ಲವೂ ಅಚ್ಚಾದವು. ಮಹಾನಗರದಲ್ಲಿ ಇಷ್ಟು ವಿವರದಿಂದ ಯಾರೆಂದು ತಿಳಿಯದೆ ಹೋಗಬಹುದು. ಹಳ್ಳಿಯಲ್ಲಿ ವಯಸ್ಸು, ಕೆಲಸ ಹೇಳಿದ ಮೇಲೆ ಹೆಸರು ಹೇಳುವ ಅಗತ್ಯವೇ ಉಳಿಯುವುದಿಲ್ಲ. ಹಳ್ಳಿಯ ಹೆಣ್ಣುಮಗಳ ಮಾನಕ್ಕೆ ನಗರದಲ್ಲಿ ಸಿಗುವಷ್ಟೇ ರಕ್ಷಣೆ ಬೇಕು.

ಗಂಗಾವತಿ ತಾಲ್ಲೂಕಿನ ಮರಕುಂಬಿಯನ್ನೂ ನೆನೆಯೋಣ. 2014ರ ಆಗಸ್ಟ್ 28ರಂದು ಅಲ್ಲಿ ದಲಿತರ ಕೇರಿಯ ಮೇಲೆ ದಾಳಿ ನಡೆದು ಗುಡಿಸಲುಗಳು ಸುಟ್ಟುಹೋದವು. ಹತ್ತು ವರ್ಷಗಳ ಬಳಿಕ, 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ಸಂಖ್ಯೆ ದೊಡ್ಡದಾದ್ದರಿಂದ ದೇಶದ ಕ್ಯಾಮೆರಾಗಳೆಲ್ಲ ಕೊಪ್ಪಳಕ್ಕೆ ಬಂದವು. ಶಿಕ್ಷೆಯಾದವರ ಬಂಧುಗಳ ಅಳುವನ್ನು ನಾವೆಲ್ಲ ಪರದೆಯ ಮೇಲೆ ಕಂಡೆವು. ಅವರ ಸಂಕಟವೂ ಸುದ್ದಿಯೇ, ಅದನ್ನು ತೋರಿಸಿದ್ದು ತಪ್ಪಲ್ಲ. ಆದರೆ ಗುಡಿಸಲು ಕಳೆದುಕೊಂಡವರು ಈ ಹತ್ತು ವರ್ಷ ಹೇಗೆ ಬದುಕಿದರು, ಅವರಿಗೆ ಮುಚ್ಚಿದ್ದ ಕ್ಷೌರದಂಗಡಿ, ಹೋಟೆಲುಗಳ ಬಾಗಿಲು ಈಗಲಾದರೂ ತೆರೆದಿದೆಯೇ ಎಂದು ವಿಚಾರಿಸಿದವರು ಎಷ್ಟು ಮಂದಿ? ತೀರ್ಪಿನ ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಶಿಕ್ಷಿತರಲ್ಲಿ ಬಹುತೇಕರಿಗೆ ಜಾಮೀನು ನೀಡಿತು. ತೀರ್ಪನ್ನು ಓದಿದವರಲ್ಲಿ ಎಷ್ಟು ಜನರಿಗೆ ಆ ವಿಷಯ ತಿಳಿದಿದೆ? ಒಂದು ದಿನದ ಸುದ್ದಿಯನ್ನು ಕೊಟ್ಟು ಮುಂದಿನದನ್ನು ಕೈಬಿಡುವುದು ಓದುಗರಿಗೆ ಅರ್ಧ ಸತ್ಯವನ್ನು ಕೊಟ್ಟಂತೆಯೇ.

ಮೂರನೆಯದು ಕಾರ್ಖಾನೆಯ ವಿಷಯ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಬಲ್ದೋಟ ಸಮೂಹ ಕೊಪ್ಪಳದ ಉಕ್ಕು ಕಾರ್ಖಾನೆಗೆ ₹54 ಸಾವಿರ ಕೋಟಿ ಹೂಡುವ ಒಪ್ಪಂದ ಮಾಡಿಕೊಂಡಿತು. ಅದೇ ತಿಂಗಳ 24ರಂದು ಗವಿಮಠದ ಸ್ವಾಮೀಜಿಯವರ ನೇತೃತ್ವದಲ್ಲಿ ಸಾವಿರಾರು ಜನ ಅದನ್ನು ವಿರೋಧಿಸಿ ಬೀದಿಗಿಳಿದರು. ಹೂಡಿಕೆಯ ಮೊತ್ತ, ಉದ್ಯೋಗದ ಭರವಸೆ ಪ್ರಕಟಣೆಯ ರೂಪದಲ್ಲಿ ಸುದ್ದಿಮನೆಗೆ ತಾನಾಗಿಯೇ ಬಂದು ಬೀಳುತ್ತವೆ. ದೂಳು ತಿನ್ನುವ ಹಳ್ಳಿಯ ಕೆಮ್ಮು, ಬೆಳೆಯ ಮೇಲೆ ಕೂರುವ ಕರಿ, ಇವನ್ನು ಅರಿಯಬೇಕಾದರೆ ಈಗಾಗಲೇ ಇರುವ ಕಾರ್ಖಾನೆಗಳ ಪಕ್ಕದ ಗಿಣಿಗೇರಿಗೋ ಹಿರೇಬಗನಾಳಕ್ಕೋ ಹೋಗಲೇಬೇಕು. ಹೋಗದಿದ್ದರೆ ಪ್ರಕಟಣೆ ಕಳಿಸುವ ಶಕ್ತಿ ಇರುವವರ ಮಾತಷ್ಟೇ ಸುದ್ದಿಯಾಗುತ್ತದೆ. ಪಕ್ಷಪಾತ ಎಂದರೆ ಯಾವುದೋ ಪಕ್ಷದ ಪರ ಬರೆಯುವುದು ಮಾತ್ರ ಎಂದು ತಿಳಿದವರು ಇದನ್ನು ಗಮನಿಸಬೇಕು. ವಿಚಾರಿಸದೆ ಬರೆದ ಸುದ್ದಿ ಯಾವಾಗಲೂ ಬಲವಿದ್ದವರ ಕಡೆಗೇ ವಾಲುತ್ತದೆ.

ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದ ವಿಷಯದಲ್ಲೂ ಅದೇ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಇಲ್ಲಿನ ಬೊಂಬೆಗಳ ಬಗ್ಗೆ ‘ಅಳಿವಿನಂಚಿನ ಕಲೆ’ ಎಂಬ ಒಂದೇ ಲೇಖನ ಮತ್ತೆ ಮತ್ತೆ ಬರುತ್ತದೆ. ಬೊಂಬೆ ಮಾಡುವ ಚಿತ್ರಗಾರರಿಗೆ ಮರ ಎಲ್ಲಿಂದ, ಯಾವ ದರಕ್ಕೆ ಸಿಗುತ್ತದೆ, ಮಾರಿದ ಬೊಂಬೆಯ ಹಣದಲ್ಲಿ ಅವರ ಪಾಲೆಷ್ಟು ಎಂಬುದನ್ನು ಕೇಳಿ ಬರೆದ ವರದಿ ಅಪರೂಪ.

ತಪ್ಪಿಗೆ ಶಿಕ್ಷೆ ಏನು? 1978ರ ಕಾಯ್ದೆಯ ಪತ್ರಿಕಾ ಮಂಡಳಿಗೆ ಎಚ್ಚರಿಸುವ, ಖಂಡಿಸುವ ಅಧಿಕಾರವಷ್ಟೇ ಇದೆ. ದಂಡ ಹಾಕುವಂತಿಲ್ಲ, ವಾಹಿನಿಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. 2020ರ ಏಪ್ರಿಲ್‌ನಲ್ಲಿ ತಬ್ಲೀಗಿ ಜಮಾತ್ ನೆಪದಲ್ಲಿ ಒಂದು ಸಮುದಾಯವನ್ನೇ ಕೊರೊನಾ ಸೋಂಕಿಗೆ ಹೊಣೆ ಮಾಡಿದ ಕಾರ್ಯಕ್ರಮಗಳಿಗಾಗಿ ವಾಹಿನಿಗಳ ಸ್ವಯಂ ನಿಯಂತ್ರಣ ಪ್ರಾಧಿಕಾರವು ‘ನ್ಯೂಸ್18 ಕನ್ನಡ’ಕ್ಕೆ ₹1 ಲಕ್ಷ, ‘ಸುವರ್ಣ ನ್ಯೂಸ್’ಗೆ ₹50 ಸಾವಿರ ದಂಡ ಹಾಕಿದ್ದು 2021ರ ಜೂನ್‌ನಲ್ಲಿ. ಅಷ್ಟರೊಳಗೆ ಸಂತೆ, ಬೀದಿಗಳಲ್ಲಿ ಹಣ್ಣು ಮಾರುವ ಬಡವರು ಆ ಮಾತಿನ ಬೆಲೆ ತೆತ್ತಾಗಿತ್ತು. ದಂಡದ ಗರಿಷ್ಠ ಮಿತಿ ಒಂದು ಲಕ್ಷವಾದರೆ ಯಾರು ಹೆದರುತ್ತಾರೆ ಎಂಬ ಅರ್ಥದ ಪ್ರಶ್ನೆಯನ್ನು ಸುಪ್ರೀಂ ಕೋರ್ಟೇ 2023ರಲ್ಲಿ ಎತ್ತಿತು.

ಸ್ಥಳೀಯ ವರದಿಗಾರರನ್ನು ದೂರಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ತಾಲ್ಲೂಕು ಮಟ್ಟದಲ್ಲಿ ಸುದ್ದಿ ತರುವವರೇ ಜಾಹೀರಾತನ್ನೂ ತರಬೇಕೆನ್ನುವುದು ಎಷ್ಟೋ ಪತ್ರಿಕೆಗಳ ರೂಢಿ. ಬೆಳಿಗ್ಗೆ ಜಾಹೀರಾತು ಕೇಳಿದ ಬಾಗಿಲಿಗೇ ಸಂಜೆ ಪ್ರಶ್ನೆ ಹಿಡಿದು ಹೋಗು ಎಂದರೆ ಅವರಾದರೂ ಏನು ಮಾಡಿಯಾರು? ಸಂಪಾದಕರು ಮೊದಲು ಈ ಎರಡು ಕೆಲಸಗಳನ್ನು ಬೇರೆ ಮಾಡಲಿ, ವರದಿಗಾರರಿಗೆ ಬದುಕುವಷ್ಟು ಸಂಬಳ ಕೊಡಲಿ, ತಪ್ಪಾದಾಗ ಅದೇ ಪುಟದಲ್ಲಿ ಅಷ್ಟೇ ದೊಡ್ಡದಾಗಿ ತಿದ್ದುಪಡಿ ಹಾಕಲಿ.

ಓದುಗರ ಹೊಣೆಯೂ ಇದೆ. ನಿಮ್ಮೂರಿನ ಸುದ್ದಿ ತಪ್ಪಾಗಿ ಬಂದರೆ ಸುಮ್ಮನಿರಬೇಡಿ. ಮೊದಲು ಸಂಪಾದಕರಿಗೆ ಲಿಖಿತವಾಗಿ ತಿಳಿಸಿ. ಉತ್ತರ ಬಾರದಿದ್ದರೆ ದಿನಪತ್ರಿಕೆಯ ವಿರುದ್ಧ, ಸುದ್ದಿ ಪ್ರಕಟವಾದ ಎರಡು ತಿಂಗಳೊಳಗೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಂಡ ಹಾಕಲಾಗದ ಮಂಡಳಿಯಾದರೂ ತಪ್ಪನ್ನು ತಪ್ಪೆಂದು ದಾಖಲಿಸುತ್ತದೆ. ಆ ದಾಖಲೆ ಬೇಕು. ಬರೆಯಿರಿ.