ಅಟ್ಟದ ಹೊಲಿಗೆ ಯಂತ್ರ ಗುಜರಿಗೆ ಸಲ್ಲದು

ಮಳೆಗಾಲ ಮುಗಿದು ಘಟ್ಟದ ರಸ್ತೆಗಳು ಒಣಗುತ್ತಿದ್ದಂತೆ ಗುಜರಿ ಕೊಳ್ಳುವವರ ವಾಹನಗಳು ಹಳ್ಳಿಗಳತ್ತ ಹೊರಳುತ್ತವೆ. ತುಕ್ಕು ಹಿಡಿದ ತಗಡು, ಒಡೆದ ಪ್ಲಾಸ್ಟಿಕ್ ಕೊಡ, ಕೆಟ್ಟ ಪಂಪು, ಇವುಗಳ ಜೊತೆಗೆ ಕಪ್ಪು ಮೈಯ, ಹೊಂಬಣ್ಣದ ಬಳ್ಳಿಗಳ ಚಿತ್ತಾರವುಳ್ಳ ಹಳೆಯ ಹೊಲಿಗೆ ಯಂತ್ರವೂ ತಕ್ಕಡಿಗೇರುತ್ತದೆ. ಎರಡು ಮೂರು ತಲೆಮಾರಿನ ಬಟ್ಟೆ ಹೊಲಿದ ಯಂತ್ರಕ್ಕೆ ಕಬ್ಬಿಣದ ಬೆಲೆಯಷ್ಟೇ ದೊರೆಯುತ್ತದೆ. ಇನ್ನು ಕೆಲವು ಯಂತ್ರಗಳ ಗತಿ ಬೇರೆ. ತಲೆಭಾಗ ಕಳಚಿಹೋಗಿ, ಪೆಡಲ್ ಇರುವ ಕಬ್ಬಿಣದ ಚೌಕಟ್ಟು ಹೋಂಸ್ಟೇಗಳಲ್ಲಿ ಕಾಫಿ ಕುಡಿಯುವ ಮೇಜಾಗುತ್ತದೆ. ಎರಡೂ ಸಾವೇ. ಒಂದು ಸದ್ದಿಲ್ಲದ ಸಾವು, ಇನ್ನೊಂದು ಅಲಂಕಾರ ಮಾಡಿಸಿಕೊಂಡ ಸಾವು.

ಇದೇನು ಪರಿಸರದ ವಿಷಯವೇ ಎಂದು ಕೇಳುವವರಿರಬಹುದು. ಅದಿರು ಬೆಟ್ಟದ ಒಡಲಿನಿಂದ ಬರುತ್ತದೆ, ವಿದ್ಯುತ್ತು ನದಿಯನ್ನು ತಡೆದು ಬರುತ್ತದೆ ಎಂಬುದನ್ನು ಮಲೆನಾಡಿನ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಮ್ಮೆ ಅಗೆದು, ಕರಗಿಸಿ, ಎರಕ ಹೊಯ್ದ ಕಬ್ಬಿಣವು ನೂರು ವರ್ಷ ದುಡಿಯಬಲ್ಲದಾದರೆ ಅದನ್ನು ದುಡಿಸುವುದೇ ಬೆಟ್ಟಕ್ಕೆ ಸಲ್ಲಿಸುವ ಗೌರವ.

ಎಲಿಯಾಸ್ ಹೋವ್ ಅಮೆರಿಕದಲ್ಲಿ ತನ್ನ ಹೊಲಿಗೆ ಯಂತ್ರಕ್ಕೆ ಹಕ್ಕುಪತ್ರ ಪಡೆದದ್ದು 1846ರಲ್ಲಿ. ಐಸಾಕ್ ಮೆರಿಟ್ ಸಿಂಗರ್ ಪಡೆದದ್ದು 1851ರಲ್ಲಿ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿದ್ದ ಸಿಂಗರ್ ಕಂಪನಿಯ ಕಿಲ್‌ಬೋವಿ ಕಾರ್ಖಾನೆ 1880ರ ದಶಕದಲ್ಲಿ ಆರಂಭವಾಗಿ 1980ರಲ್ಲಿ ಮುಚ್ಚಿತು. ಹಳೆಯ ಯಂತ್ರದ ಮಾದರಿ ಸಂಖ್ಯೆಯ ಕೊನೆಗೆ ‘ಕೆ’ ಅಕ್ಷರವಿದ್ದರೆ ಅದು ಆ ಕಾರ್ಖಾನೆಯ ಗುರುತು. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ಸಂಸ್ಥೆ ‘ಉಷಾ’ ಯಂತ್ರಗಳನ್ನು ತಯಾರಿಸತೊಡಗಿತು. ನಮ್ಮ ಊರುಗಳಲ್ಲಿ ಕಾಣುವ ಕಪ್ಪು ಬಣ್ಣದ, ನೇರ ಹೊಲಿಗೆಯ ದೇಶೀ ಯಂತ್ರಗಳಲ್ಲಿ ಬಹುಪಾಲು ಸಿಂಗರಿನ 15ನೆಯ ಮಾದರಿಯ ಜಾಡಿನವು. ಆದ್ದರಿಂದಲೇ ಇಂದಿಗೂ ಅವುಗಳಿಗೆ ಸೂಜಿ, ಬಾಬಿನ್, ಬೆಲ್ಟು ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಗುತ್ತವೆ. ಕಂಪನಿಗಳು ಬದಲಾದವು, ಕಾರ್ಖಾನೆಗಳು ಮುಚ್ಚಿದವು, ಅಳತೆ ಮಾತ್ರ ಬದಲಾಗಲಿಲ್ಲ. ಪ್ರತಿ ಹೊಸ ಮಾದರಿಯೂ ಹಳೆಯದರ ಬಿಡಿಭಾಗಗಳನ್ನು ನಿರುಪಯುಕ್ತಗೊಳಿಸುವ ಇಂದಿನ ಕೈಗಾರಿಕಾ ನೀತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಯಂತ್ರಗಳ ಕಟು ವಿಮರ್ಶಕರಾಗಿದ್ದ ಗಾಂಧೀಜಿಯವರು 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ನೀಡಿದ್ದರು. ಮನುಷ್ಯನ ಕೈಕಾಲುಗಳನ್ನು ನಿಷ್ಕ್ರಿಯಗೊಳಿಸದೆ ಅವನ ಶ್ರಮವನ್ನು ಹಗುರಗೊಳಿಸುವ ಯಂತ್ರವನ್ನು ಅವರು ಒಪ್ಪಿದರು. ಅಂತಹ ಯಂತ್ರವನ್ನು ತಯಾರಿಸಲು ದೊಡ್ಡ ಕಾರ್ಖಾನೆ ಬೇಕಲ್ಲ ಎಂಬ ಪ್ರಶ್ನೆಯನ್ನೂ ಅವರು ತಪ್ಪಿಸಿಕೊಳ್ಳಲಿಲ್ಲ. ಅಂತಹ ಕಾರ್ಖಾನೆ ಲಾಭಕ್ಕಲ್ಲದೆ ಸಮಾಜದ ಹಿತಕ್ಕೆ ನಡೆಯಬೇಕೆಂದರು. ಕಾರ್ಖಾನೆ ಈಗಾಗಲೇ ಎರಕ ಹೊಯ್ದಿಟ್ಟ ಯಂತ್ರವು ಅಟ್ಟದ ಮೇಲಿರುವಾಗ ಈ ಪ್ರಶ್ನೆ ಇನ್ನಷ್ಟು ಸರಳವಾಗುತ್ತದೆ.

ಹಳೆಯ ಯಂತ್ರಕ್ಕೂ ಹಳೆಯ ಬಟ್ಟೆಗೂ ನಂಟಿದೆ. ಹರಿದ ಸೀರೆ, ಸವೆದ ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹೊಲಿದು ಹೊದೆಯುವ ಕೌದಿಯು ಉತ್ತರ ಕರ್ನಾಟಕದ ಮನೆಮನೆಯ ವಸ್ತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಮಹಿಳೆಯರು ಅದನ್ನು ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿನತ್ತ ಹೊಲಿಯುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆ ಮಡಚಿ ಕೂರಿಸಿದ ‘ಫೂಲ’ ಇಲ್ಲದೆ ಆ ಕೌದಿ ಪೂರ್ಣವಾಗುವುದಿಲ್ಲ. ಅದು ಕೈಸೂಜಿಯ ಕಲೆ. ಯಂತ್ರವು ಅದರ ಜಾಗಕ್ಕೆ ಬರಬೇಕೆಂದು ಯಾರೂ ಬಯಸಬಾರದು. ಆದರೆ ಕೈಹೊಲಿಗೆಯ ತಾಳ್ಮೆಯಾಗಲೀ ಬಿಡುವಾಗಲೀ ಇಲ್ಲದ ನೂರಾರು ಮನೆಗಳಲ್ಲಿ ಹಳೆಯ ಸೀರೆಗಳು ಇಂದು ನೆಲ ಒರೆಸುವುದಕ್ಕೋ ಕಸದ ರಾಶಿಗೋ ಹೋಗುತ್ತಿವೆ. ಸುಟ್ಟರೆ ವಿಷಹೊಗೆ, ಹೂತರೆ ಕೊಳೆಯದ ಪಾಲಿಯೆಸ್ಟರ್. ಅಂತಹ ಕಡೆ ತುಂಡುಗಳನ್ನು ಜೋಡಿಸಲು, ಅಂಚು ಕಟ್ಟಲು, ಹರಿದ ಕೌದಿಗೆ ಹೊಸ ಜೀವ ಕೊಡಲು ಪೆಡಲ್ ಯಂತ್ರ ಸಮರ್ಥವಾಗಿದೆ.

ಕೌದಿ ಹೊಲಿಯುವವರಿಗೆ ಬೇಕಾದುದು ನೂರು ಬಗೆಯ ಹೊಲಿಗೆಗಳಲ್ಲ. ತಪ್ಪದ, ನೇರವಾದ ಒಂದೇ ಹೊಲಿಗೆ. ಅಮೆರಿಕದ ಕೌದಿಗಾರ್ತಿಯರು 1933ರಲ್ಲಿ ಬಂದ ಸಿಂಗರ್ 221 ಎಂಬ ಪುಟ್ಟ ಯಂತ್ರವನ್ನು ಇಂದಿಗೂ ಹುಡುಕಿ ಕೊಳ್ಳುವುದು ಈ ಕಾರಣಕ್ಕೇ. ನಮ್ಮ ಪೆಡಲ್ ಯಂತ್ರದ ಸುಖ ಅದಕ್ಕಿಂತ ಹೆಚ್ಚಿನದು. ಪಾದ ನಿಂತರೆ ಸೂಜಿ ನಿಲ್ಲುತ್ತದೆ. ಪಾದ ನಿಧಾನಿಸಿದರೆ ಹೊಲಿಗೆ ಒಂದೊಂದಾಗಿ ಬೀಳುತ್ತದೆ. ಜಡಿಮಳೆಯ ದಿನಗಳಲ್ಲಿ ಮರ ಬಿದ್ದು ತಂತಿ ಹರಿದು ವಾರಗಟ್ಟಲೆ ವಿದ್ಯುತ್ತಿಲ್ಲದಾಗಲೂ ಕಿಟಕಿಯ ಬೆಳಕೊಂದಿದ್ದರೆ ಕೆಲಸ ಸಾಗುತ್ತದೆ. ಲಯಬದ್ಧವಾದ ಆ ಸದ್ದನ್ನು ಕೇಳುತ್ತ ಬೆಳೆದವರಿಗೆ ಅದು ಮನೆಯ ಉಸಿರಾಟದಂತೆಯೇ ಪರಿಚಿತ.

ಇಂತಹ ಯಂತ್ರಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಮೊದಲು ಸ್ವಂತ ಮನೆಯ ಅಟ್ಟ, ಬಳಿಕ ಮುಚ್ಚಿದ ಟೇಲರ್ ಅಂಗಡಿ, ಕೊನೆಗೆ ಗುಜರಿ ಅಂಗಡಿ. ಕೈಚಕ್ರ ತಿರುಗದಿದ್ದರೆ ಯಂತ್ರ ಸತ್ತಿದೆ ಎಂದು ತೀರ್ಮಾನಿಸುವುದು ಅವಸರದ ಮಾತು. ಹೆಚ್ಚಿನ ಸಂದರ್ಭಗಳಲ್ಲಿ ಒಣಗಿ ಅಂಟಾದ ಹಳೆಯ ಎಣ್ಣೆಯೇ ಅದನ್ನು ಹಿಡಿದಿರುತ್ತದೆ. ಮೆಷಿನ್ ಎಣ್ಣೆ ಸಿಗದಾಗ ಕೊಬ್ಬರಿ ಎಣ್ಣೆ ಹಾಕುವ ರೂಢಿಯೂ ಇದಕ್ಕೆ ಒಂದು ಕಾರಣ. ಕೀಲುಗಳಿಗೆ ಸ್ವಲ್ಪ ಸೀಮೆಎಣ್ಣೆ ಬಿಟ್ಟು ಒಂದೆರಡು ದಿನ ಇಟ್ಟು, ಒತ್ತಾಯಿಸದೆ ಚಕ್ರವನ್ನು ಹಿಂದೆ ಮುಂದೆ ಆಡಿಸಿದರೆ ಅದು ಸಡಿಲಗೊಳ್ಳುತ್ತದೆ. ಅನಂತರ ಕೊಳೆ ಒರೆಸಿ ಹೊಸ ಮೆಷಿನ್ ಎಣ್ಣೆ ಹಾಕಬೇಕು. ಹೊಂಬಣ್ಣದ ಚಿತ್ತಾರದ ಮೇಲೆ ಸ್ಪಿರಿಟ್ ತಾಗಿಸಬಾರದು; ತಾಗಿದರೆ ಬಳ್ಳಿಯೂ ಹೆಸರೂ ಅಳಿಸಿಹೋಗುತ್ತವೆ. ಕೊಳ್ಳುವ ಮುನ್ನ ಬಾಬಿನ್ ಮತ್ತು ಅದರ ಕೂಡು ಇವೆಯೇ, ಎರಕದಲ್ಲಿ ಬಿರುಕಿದೆಯೇ ಎಂಬುದನ್ನು ನೋಡಬೇಕು. ದೋಣಿಯಾಕಾರದ ಶಟಲ್, ಉದ್ದನೆಯ ಸಪೂರ ಬಾಬಿನ್ ಇರುವ ಬಹಳ ಹಳೆಯ ಮಾದರಿಯಾದರೆ ಅವೆರಡೂ ಜೊತೆಗಿರುವುದು ಅತ್ಯವಶ್ಯ. ಕಳೆದರೆ ಮತ್ತೆ ಸಿಗುವುದು ಕಷ್ಟ. ಕೌದಿಯ ದಪ್ಪ ಪದರಗಳಿಗೆ ದಪ್ಪ ಸೂಜಿ, ಉದ್ದ ಹೊಲಿಗೆ, ಅವಸರವಿಲ್ಲದ ಪಾದ, ಇಷ್ಟು ಸಾಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಪಸೆ ನಿಂತು ತುಕ್ಕು ಹತ್ತುತ್ತದೆ. ಹತ್ತಿ ಬಟ್ಟೆಯ ಮುಸುಕೇ ಲೇಸು.

2009ರಲ್ಲಿ ಸೌದಿ ಅರೇಬಿಯಾದಲ್ಲಿ ಒಂದು ವದಂತಿ ಹರಡಿತು. ಹಳೆಯ ಸಿಂಗರ್ ಯಂತ್ರಗಳೊಳಗೆ ‘ಕೆಂಪು ಪಾದರಸ’ವೆಂಬ ಅಮೂಲ್ಯ ವಸ್ತುವಿದೆ ಎಂದು ನಂಬಿದ ಜನ ಅವುಗಳಿಗೆ ಹುಚ್ಚು ಬೆಲೆ ಕೊಡತೊಡಗಿದರು. ಅಂತಹ ವಸ್ತು ಅವುಗಳೊಳಗೆ ಇರಲೇ ಇಲ್ಲ. ನಗುವ ಮುನ್ನ ಒಂದು ಮಾತು. ಯಂತ್ರದ ಬೆಲೆ ಅದರೊಳಗೆ ಅಡಗಿದ ನಿಧಿಯಲ್ಲಿದೆ ಎಂದು ಅವರು ಭ್ರಮಿಸಿದರು. ಅದರ ಬೆಲೆ ಕಬ್ಬಿಣದ ತೂಕದಲ್ಲಿದೆ ಎಂದು ನಾವು ಭ್ರಮಿಸಿದ್ದೇವೆ. ಅದು ಮಾಡುವ ಕೆಲಸವನ್ನು ಇಬ್ಬರೂ ಕಾಣಲಿಲ್ಲ.

ಈ ವಾದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ದಿನವಿಡೀ ಹೊಲಿದು ಸಂಸಾರ ನಡೆಸುವ ಹೆಣ್ಣುಮಗಳಿಗೆ ಪೆಡಲ್ ಎಂದರೆ ಮಂಡಿನೋವು, ಸೊಂಟನೋವು. ಅವಳ ಮುಂದೆ ಶ್ರಮದ ಸೌಂದರ್ಯವನ್ನು ಬಣ್ಣಿಸುವುದು ಕ್ರೌರ್ಯವಾದೀತು. ಅವಳಿಗೆ ಮೋಟಾರು ಬೇಕು, ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅದೇ ಹಳೆಯ ಯಂತ್ರಕ್ಕೆ ಸಣ್ಣ ಮೋಟಾರು ಜೋಡಿಸಲು ಸಾಧ್ಯವಿದೆ. ಅದಕ್ಕಾಗಿ ಇಡೀ ಯಂತ್ರವನ್ನು ಎಸೆಯಬೇಕಿಲ್ಲ. ಸರಕಾರಗಳು ಹೊಸ ಹೊಲಿಗೆ ಯಂತ್ರಗಳನ್ನು ಹಂಚುತ್ತಲೇ ಬಂದಿವೆ. 2023ರಲ್ಲಿ ಆರಂಭವಾದ ವಿಶ್ವಕರ್ಮ ಯೋಜನೆಯು ದರ್ಜಿಗಳನ್ನೂ ಒಳಗೊಂಡ 18 ಕಸುಬುಗಳವರಿಗೆ ಸಲಕರಣೆಗಾಗಿ 15,000 ರೂಪಾಯಿಯವರೆಗೆ ನೆರವನ್ನು ಗೊತ್ತುಪಡಿಸಿತು. ನೆರವು ಸ್ವಾಗತಾರ್ಹವೇ. ಹೊಸ ಯಂತ್ರ ಕೊಳ್ಳಲು ನೆರವು ನೀಡುವ ವ್ಯವಸ್ಥೆಯು ಇರುವ ಯಂತ್ರವನ್ನು ದುರಸ್ತಿ ಮಾಡುವವನನ್ನೂ ನೆನೆಯಬೇಕಲ್ಲವೆ? 2022ರಲ್ಲಿ ಕೇಂದ್ರ ಸರಕಾರವು ‘ದುರಸ್ತಿಯ ಹಕ್ಕಿ’ನ ಚೌಕಟ್ಟು ರೂಪಿಸಲು ಸಮಿತಿಯೊಂದನ್ನು ರಚಿಸಿತು. ಹಕ್ಕು ಕಾಗದದ ಮೇಲೆ ಬಂದರೂ, ದುರಸ್ತಿ ಬಲ್ಲ ಕೈ ಊರಿನಲ್ಲಿ ಉಳಿಯದಿದ್ದರೆ ಅದರಿಂದ ಫಲವೇನು?

ಗುಡ್ಡಗಾಡಿನ ಸಂಘಟನೆಗಳು ಮಾಡಬಹುದಾದ ಕೆಲಸ ಇಲ್ಲಿಯೇ ಇದೆ. ಪ್ರತಿ ಪಂಚಾಯತಿಯ ಸ್ವಸಹಾಯ ಸಂಘಗಳು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ, ಹಳೆಯ ಯಂತ್ರಗಳನ್ನು ಒಂದೆಡೆ ತರಿಸಿ, ವಯಸ್ಸಾದ ದುರಸ್ತಿಗಾರರೊಬ್ಬರನ್ನು ಕರೆಸಿ, ಅವರ ಪಕ್ಕದಲ್ಲಿ ಇಬ್ಬರು ಯುವಕ ಯುವತಿಯರನ್ನು ಕೂರಿಸಲಿ. ಆ ದುರಸ್ತಿಗಾರರಿಗೆ ಹಾರ ಶಾಲುಗಳಿಗಿಂತ ಮುಖ್ಯವಾಗಿ ತಕ್ಕ ಕೂಲಿ ಸಲ್ಲಲಿ. ಜೀವ ಪಡೆದ ಯಂತ್ರ ಬೇಡವೆನ್ನುವ ಮನೆಯಿಂದ ಬೇಕೆನ್ನುವ ಮನೆಗೆ ಹೋಗಲಿ. ಹಳೆಯ ಸೀರೆಗಳ ಗಂಟೂ ಅದರ ಬೆನ್ನಿಗೇ ಹೋಗಲಿ.

ಗುಜರಿಯ ವಾಹನ ಮುಂದಿನ ವರ್ಷವೂ ಬರುತ್ತದೆ. ಒಡೆದ ಕೊಡ, ಹರಿದ ತಗಡುಗಳನ್ನು ಕೊಡಲು ಅಡ್ಡಿಯಿಲ್ಲ. ಹೊಲಿಗೆ ಯಂತ್ರವನ್ನು ತಕ್ಕಡಿಗಿಡುವ ಮುನ್ನ ಮಾತ್ರ ಅದರ ಕೀಲುಗಳಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಚಕ್ರವನ್ನೊಮ್ಮೆ ತಿರುಗಿಸಿ ನೋಡುವುದು ಒಳಿತು.