ಹಾಸ್ಟೆಲಿನ ಅಣ್ಣ, ಮನೆಯ ಅಪ್ಪ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಅಂಕಗಳ ಚಿಂತೆಯವು. ಮಗಳಿಗೆ ಗಣಿತ ತಲೆಗೆ ಹತ್ತುತ್ತಿಲ್ಲ, ಮಗ ಪಿಯುಸಿಗೆ ವಿಜ್ಞಾನ ಬೇಡ ಎನ್ನುತ್ತಾನೆ, ಟ್ಯೂಶನ್ನಿಗೆ ಹಾಕಬೇಕೇ ಬೇಡವೇ, ಹೀಗೆ. ಕಳೆದ ತಿಂಗಳು ಬಂದ ಒಂದು ಪತ್ರ ಮಾತ್ರ ಬೇರೆ ಬಗೆಯದು. ಬರೆದವರು ಒಬ್ಬ ತಾಯಿ. ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ.

ಅವರದು ಕ್ರೈಸ್ತ ಕುಟುಂಬ. ಯಜಮಾನರು ಕಾಲೇಜಿನಲ್ಲಿ ಅಧ್ಯಾಪಕರು. ಪಾಠ ಮುಗಿದ ಮೇಲೆ ಅವರಿಗೆ ಇನ್ನೊಂದು ಕೆಲಸವಿದೆ. ಅದಕ್ಕೆ ಸಂಬಳವಿಲ್ಲ, ಅವರು ಅದನ್ನು 'ವಿದ್ಯಾರ್ಥಿ ಸೇವೆ' ಎನ್ನುತ್ತಾರೆ. ಮಂಗಳವಾರ ಮತ್ತು ಗುರುವಾರ ಸಂಜೆ ಹಾಸ್ಟೆಲಿನ ಹುಡುಗರೊಂದಿಗೆ ಬೈಬಲ್ ಅಧ್ಯಯನ. ಶುಕ್ರವಾರ ಪ್ರಾರ್ಥನಾ ಕೂಟ. ಭಾನುವಾರ ಚರ್ಚ್ ಮುಗಿದ ಮೇಲೆ ಹದಿನೈದು ಇಪ್ಪತ್ತು ಮಂದಿ ವಿದ್ಯಾರ್ಥಿಗಳಿಗೆ ಮನೆಯಲ್ಲೇ ಊಟ. ದಸರಾ ರಜೆ, ಬೇಸಿಗೆ ರಜೆ ಬಂತೆಂದರೆ ಕ್ಯಾಂಪು. ಹುಡುಗರೆಲ್ಲ ಅವರನ್ನು 'ಅಣ್ಣ' ಎಂದೇ ಕರೆಯುತ್ತಾರಂತೆ. ರಾತ್ರಿ ಹತ್ತು ಗಂಟೆಗೂ ಮೊಬೈಲು ಬಡಿದುಕೊಳ್ಳುತ್ತಿರುತ್ತದೆ.

ಆ ತಾಯಿ ದೂರು ಹೇಳುತ್ತಿಲ್ಲ. ಕುಡಿತಕ್ಕೆ ಬಿದ್ದಿದ್ದ ಒಬ್ಬ ಹುಡುಗನನ್ನು ಗಂಡ ಹೇಗೆ ದಾರಿಗೆ ತಂದರು, ಇನ್ನೊಬ್ಬನ ಫೀಸಿಗೆ ಹೇಗೆ ಓಡಾಡಿದರು ಎಂಬುದನ್ನೂ ಬರೆದಿದ್ದಾರೆ. "ಇಸ್ಪೀಟು ಆಡಲು ಹೋಗುತ್ತಿದ್ದರೆ ಜಗಳವಾದರೂ ಆಡಬಹುದಿತ್ತು ಸಾರ್. ಒಳ್ಳೆಯ ಕೆಲಸಕ್ಕೆ ಹೋಗುವವರನ್ನು ಏನೆಂದು ತಡೆಯಲಿ?" ಇದು ಅವರ ಪ್ರಶ್ನೆ. ಅವರ ಮಗ ಈಗ ಹತ್ತನೇ ತರಗತಿ. ಒಂದು ಸಂಜೆ ತಂದೆ ಬೈಕು ತೆಗೆಯುತ್ತಿರುವಾಗ ಅವನು ಕೇಳಿದನಂತೆ: "ಅಪ್ಪಾ, ನಾನೂ ಹಾಸ್ಟೆಲಿಗೆ ಸೇರಿಕೊಳ್ಳಲಾ? ವಾರಕ್ಕೆ ಮೂರು ದಿನವಾದರೂ ಸಿಗ್ತೀಯ." ತಂದೆ ನಕ್ಕು ಹೊರಟರು. ತಾಯಿಗೆ ನಗು ಬರಲಿಲ್ಲ.

ನಾನು ಆ ಮತದವನಲ್ಲ. ಆದರೆ ಈ ಕಾಯಿಲೆ ನನಗೆ ಚೆನ್ನಾಗಿ ಪರಿಚಯ. 2012ರ ಜೂನ್ 6ರಂದು ಶುಕ್ರ ಗ್ರಹ ಸೂರ್ಯಬಿಂಬದ ಮೇಲೆ ಹಾದುಹೋಯಿತಲ್ಲ, ಆ ದಿನದ ಕಥೆ ಹೇಳುತ್ತೇನೆ. ನಮ್ಮಲ್ಲಿ ಸೂರ್ಯೋದಯದಿಂದ ಹತ್ತೂಕಾಲು, ಹತ್ತೂವರೆಯೊಳಗೆ ಎಲ್ಲ ಮುಗಿಯುವಂತಿತ್ತು. ಮಗಳಿಗೆ ಆಗ ಒಂಬತ್ತು ವರ್ಷ. ವಾರದಿಂದ ಹೇಳುತ್ತ ಬಂದಿದ್ದೆ: "ಎಂಟು ಗಂಟೆಗೆ ಮನೆಗೆ ಬರುತ್ತೇನೆ, ತಾರಸಿಯ ಮೇಲೆ ನಾನೇ ತೋರಿಸುತ್ತೇನೆ, ಆಮೇಲೆ ಶಾಲೆಗೆ ಬಿಡುತ್ತೇನೆ." ಬೆಳಿಗ್ಗೆ ಐದೂವರೆಗೇ ನನ್ನ ಶಾಲೆಗೆ ಹೋಗಿ ಸಣ್ಣ ದೂರದರ್ಶಕದಿಂದ ಬಿಳಿ ಹಾಳೆಯ ಮೇಲೆ ಬಿಂಬ ಬೀಳಿಸಲು ಅಣಿ ಮಾಡಿದೆ. ಮೋಡ ಆಗಾಗ ಅಡ್ಡ ಬಂತು. ಹಳ್ಳಿಗಳಿಂದ ನಡೆದು ಬಂದ ಮಕ್ಕಳ ಸಾಲು ಕರಗಲೇ ಇಲ್ಲ. ಅವರ ಮುಖ ನೋಡುತ್ತ ನಾನು ಗಡಿಯಾರ ನೋಡಲಿಲ್ಲ. ಮನೆಗೆ ಬಂದಾಗ ಹನ್ನೊಂದು. ಮಗಳು ಅಂದು ಶಾಲೆಗೂ ಹೋಗದೆ ತಾರಸಿಯ ಮೆಟ್ಟಿಲಲ್ಲಿ ಕುಳಿತಿದ್ದಳು. ಸೂರ್ಯನನ್ನು ನೋಡುವ ಕಪ್ಪು ಕನ್ನಡಕ? ಅದು ನನ್ನ ಚೀಲದಲ್ಲೇ ಇತ್ತು. ಮನೆಯಲ್ಲಿದ್ದ ಒಂದೇ ಒಂದನ್ನೂ ಶಾಲೆಗೆ ಒಯ್ದಿದ್ದೆ.

ಮುಂದಿನ ಶುಕ್ರ ಸಂಕ್ರಮ 2117ರಲ್ಲಿ. ಅದನ್ನು ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಅವಳೇ ಪತ್ರಿಕೆಯಲ್ಲಿ ಓದಿ ತಿಳಿದುಕೊಂಡಳು. 'ಮನೆಗೆ ಮಾರಿ, ಊರಿಗೆ ಉಪಕಾರಿ' ಎಂಬ ಗಾದೆಯನ್ನು ನನ್ನ ಹೆಂಡತಿ ಅಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಎಷ್ಟೋ ವಾಸಿಯಿತ್ತು.

ಆ ತಾಯಿಗೆ ಉತ್ತರ ಬರೆಯಲು ಕುಳಿತಾಗ ನನಗೆ ನೆನಪಾದವನು ಇನ್ನೊಬ್ಬ ವಿಜ್ಞಾನದ ಮೇಷ್ಟ್ರು. ಹೆಸರು ಎರಿಕ್ ಲಿಡೆಲ್. ಓಟಗಾರನೆಂದು ನಿಮಗೆ ಗೊತ್ತಿರಬಹುದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟದ ಪ್ರಾಥಮಿಕ ಸುತ್ತು ಭಾನುವಾರ ಬಿದ್ದಿತ್ತು. ಭಾನುವಾರ ದೇವರ ದಿನ, ಅಂದು ಓಡುವುದಿಲ್ಲವೆಂದು ಹಟ ಹಿಡಿದು ಆ ಸ್ಪರ್ಧೆಯನ್ನೇ ಬಿಟ್ಟವನು. ಬದಲಿಗೆ ನಾನೂರು ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ. 'ಚಾರಿಯಟ್ಸ್ ಆಫ್ ಫೈರ್' ಎಂಬ 1981ರ ಚಲನಚಿತ್ರ ಇದನ್ನೇ ಹೇಳುತ್ತದೆ. ಚಿತ್ರ ಮುಗಿಯುವಲ್ಲಿಂದ ಮುಂದಿನ ಕಥೆ ಹೆಚ್ಚು ಜನಕ್ಕೆ ತಿಳಿಯದು. ನನಗೆ ಬೇಕಾದದ್ದು ಅದು.

ಎಡಿನ್‌ಬರೋ ವಿಶ್ವವಿದ್ಯಾಲಯದ ಬಿಎಸ್ಸಿ ಪದವಿ ಪಡೆದು, 1925ರಲ್ಲಿ ಆತ ಚೀನಾದ ಟಿಯೆನ್‌ಸಿನ್ ನಗರಕ್ಕೆ ಹೋದ. ಈಗ ಅದು ಟಿಯಾಂಜಿನ್. ಅಲ್ಲಿನ ಆಂಗ್ಲೋ ಚೈನೀಸ್ ಕಾಲೇಜಿನಲ್ಲಿ ವಿಜ್ಞಾನ ಪಾಠ, ಸಂಜೆ ಹುಡುಗರಿಗೆ ಆಟ, ಅದರ ಜೊತೆಗೆ ಬೈಬಲ್ ತರಗತಿ. ಕಳಿಸಿದ್ದು ಲಂಡನ್ ಮಿಶನರಿ ಸೊಸೈಟಿ. 1810ರಲ್ಲಿ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿಯನ್ನು ನಮ್ಮ ಬಳ್ಳಾರಿಗೆ ಕಳಿಸಿದ ಸಂಸ್ಥೆಯೂ ಅದೇ.

ಲಿಡೆಲ್ ಹುಟ್ಟಿದ್ದೂ ಟಿಯೆನ್‌ಸಿನ್‌ನಲ್ಲೇ, 1902ರಲ್ಲಿ. ತಂದೆಯೂ ಮಿಶನರಿ. ಆರು ವರ್ಷದ ಎರಿಕ್‌ನನ್ನೂ ಎಂಟು ವರ್ಷದ ಅಣ್ಣ ರಾಬ್‌ನನ್ನೂ ಇಂಗ್ಲೆಂಡಿನ ವಸತಿ ಶಾಲೆಯಲ್ಲಿ ಬಿಟ್ಟು ತಂದೆತಾಯಿ ಚೀನಾಕ್ಕೆ ಮರಳಿದರು. ಅದು ಮಿಶನರಿಗಳ ಗಂಡುಮಕ್ಕಳಿಗೆಂದೇ ಇದ್ದ ಶಾಲೆ. ಮತ್ತೆ ಎಲ್ಲರೂ ಒಟ್ಟಿಗೆ ಸೇರುವುದು ತಂದೆಗೆ ರಜೆ ಸಿಕ್ಕಾಗ. ರಜೆ ಬರುತ್ತಿದ್ದದ್ದು ಹಲವು ವರ್ಷಗಳಿಗೊಮ್ಮೆ. ಇದೇನೂ ಆ ಒಂದು ಮನೆಯ ವಿಚಿತ್ರವಲ್ಲ. ನಮ್ಮ ಮಂಗಳೂರು, ಧಾರವಾಡ, ಹುಬ್ಬಳ್ಳಿಗಳಲ್ಲಿ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ ನಡೆಸಿದ ಬಾಸೆಲ್ ಮಿಶನ್ನಿನವರೂ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳನ್ನು ಹಡಗು ಹತ್ತಿಸಿ ಯುರೋಪಿಗೆ ಕಳಿಸುತ್ತಿದ್ದರು. ಅವರಿಗಾಗಿಯೇ ಬಾಸೆಲ್‌ನಲ್ಲಿ ಮಕ್ಕಳ ಮನೆ ಇತ್ತು. ಆ ಕಾಲದ ಪಾದ್ರಿಗಳು ನಮಗೆ ಕೊಟ್ಟ ನಿಘಂಟು, ವ್ಯಾಕರಣಗಳನ್ನು ನಾವು ಇಂದಿಗೂ ಬಳಸುತ್ತೇವೆ. ಆ ಪುಸ್ತಕಗಳ ಬೆಲೆಯ ಒಂದು ಪಾಲನ್ನು ಆರೇಳು ವರ್ಷದ ಮಕ್ಕಳು ತೆತ್ತಿದ್ದಾರೆ ಎಂಬುದು ಯಾವ ಮುನ್ನುಡಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು ಲಿಡೆಲ್‌ನ ಸಂಸಾರ. 1934ರ ಮಾರ್ಚ್‌ನಲ್ಲಿ ಕೆನಡಾದ ಮಿಶನರಿ ದಂಪತಿಗಳ ಮಗಳು, ನರ್ಸ್ ತರಬೇತಿ ಪಡೆದಿದ್ದ ಫ್ಲಾರೆನ್ಸ್ ಜೊತೆ ಮದುವೆ. ಎರಡು ಹೆಣ್ಣುಮಕ್ಕಳು. 1937ರ ಕೊನೆಯಲ್ಲಿ ಸೊಸೈಟಿ ಆತನನ್ನು ಕಾಲೇಜಿನಿಂದ ಸಿಯಾವ್‌ಚಾಂಗ್ ಎಂಬ ಹಳ್ಳಿಯ ಕಡೆಗೆ ಕಳಿಸಿತು. ಜಪಾನಿನ ಸೈನ್ಯ ನುಗ್ಗಿದ್ದ ಪ್ರದೇಶ. ಹೆಂಡತಿ ಮಕ್ಕಳು ಅಲ್ಲಿಗೆ ಹೋಗುವಂತಿರಲಿಲ್ಲ, ಟಿಯೆನ್‌ಸಿನ್‌ನಲ್ಲೇ ಉಳಿದರು. 1941ರ ಮೇ ತಿಂಗಳಲ್ಲಿ ಅಪಾಯ ಹೆಚ್ಚಾದಾಗ ಗರ್ಭಿಣಿ ಫ್ಲಾರೆನ್ಸ್ ಇಬ್ಬರು ಮಕ್ಕಳೊಂದಿಗೆ ಕೆನಡಾಕ್ಕೆ ಹಡಗು ಹತ್ತಿದಳು. ಆತ ಕೆಲಸಕ್ಕೆಂದು ನಿಂತ. ಮೇಷ್ಟ್ರ ಚಾಳಿ, ಲೆಕ್ಕ ಹಾಕಿ ನೋಡಿದೆ: ಮದುವೆಯಿಂದ ಅಗಲಿಕೆಯವರೆಗೆ ಏಳು ವರ್ಷ ಎರಡು ತಿಂಗಳು, ಅದರಲ್ಲೂ ಬೇರೆ ಬೇರೆಯಾಗಿ ಕಳೆದ ತಿಂಗಳುಗಳೆಷ್ಟೋ. ಮೂರನೆಯ ಮಗಳು ಕೆನಡಾದಲ್ಲಿ ಹುಟ್ಟಿದಳು. ತಂದೆ ಅವಳ ಮುಖ ನೋಡಲೇ ಇಲ್ಲ.

1943ರ ಮಾರ್ಚ್‌ನಲ್ಲಿ ಜಪಾನೀಯರು ಆತನನ್ನು ವೈಶಿಯೆನ್ ಎಂಬಲ್ಲಿನ ಬಂಧನ ಶಿಬಿರಕ್ಕೆ ಹಾಕಿದರು. ಇಕ್ಕಟ್ಟಾದ ಆವರಣದಲ್ಲಿ ಸಾವಿರದ ಐನೂರರಷ್ಟು ಜನ. ಅದೇ ವರ್ಷ ಚೀಫೂ ಊರಿನ ವಸತಿ ಶಾಲೆಯ ಮಕ್ಕಳನ್ನೂ ಅಲ್ಲಿಗೆ ತಂದರು. ಅವರಲ್ಲಿ ಅನೇಕರ ತಂದೆತಾಯಿ ಮಿಶನರಿಗಳು, ಚೀನಾದ ಒಳನಾಡಿನಲ್ಲಿ ಎಲ್ಲೋ ಇದ್ದರು. ವರ್ಷಗಟ್ಟಲೆ ಮಕ್ಕಳು ಅವರನ್ನು ಕಂಡಿರಲಿಲ್ಲ. ಲಿಡೆಲ್ ಈ ಮಕ್ಕಳಿಗೆ 'ಎರಿಕ್ ಅಂಕಲ್' ಆದ. ಪ್ರಯೋಗಾಲಯವಿಲ್ಲ, ಗಾಜಿನ ಸಾಮಾನಿಲ್ಲ. ಉಪಕರಣಗಳ ಚಿತ್ರ ಬಿಡಿಸಿ ರಸಾಯನ ವಿಜ್ಞಾನ ಕಲಿಸಿದ. ಹರಿದ ಹಾಕಿ ಕೋಲುಗಳನ್ನು ಕುಳಿತು ದುರಸ್ತಿ ಮಾಡಿದ. ತನ್ನ ಮೂವರು ಮಕ್ಕಳಿಗೆ ಆತ ಕಳಿಸಬಹುದಾಗಿದ್ದದ್ದು ರೆಡ್‌ಕ್ರಾಸ್ ಮೂಲಕ ಇಪ್ಪತ್ತೈದು ಪದಗಳ ಸಂದೇಶ. ತಂದೆಯಿಲ್ಲದ ಮಕ್ಕಳ ನಡುವೆ ಮಕ್ಕಳಿಲ್ಲದ ತಂದೆ.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. ಶಿಬಿರದಲ್ಲೂ ಲಿಡೆಲ್ ಭಾನುವಾರ ಆಟ ಆಡಿಸುತ್ತಿರಲಿಲ್ಲ. ಒಂದು ಭಾನುವಾರ ಹುಡುಗರು ತಾವೇ ಹಾಕಿ ಆಡಿದರು. ಅಂಪೈರ್ ಇಲ್ಲದ ಆಟ ಹೊಡೆದಾಟದಲ್ಲಿ ಮುಗಿಯಿತು. ಮುಂದಿನ ಭಾನುವಾರ ಸೀಟಿ ಹಿಡಿದು ಮೈದಾನದಲ್ಲಿ ನಿಂತವನು ಲಿಡೆಲ್. ಒಲಿಂಪಿಕ್ ಪದಕಕ್ಕಾಗಿ, ದೇಶದ ಮಾನಕ್ಕಾಗಿ ಸಡಿಲಿಸದ ನಿಯಮವನ್ನು ಜಗಳಗಂಟ ಹುಡುಗರ ಒಂದು ಆಟಕ್ಕಾಗಿ ಸಡಿಲಿಸಿದ.

1945ರ ಫೆಬ್ರವರಿ 21ರಂದು ಆತ ತೀರಿಕೊಂಡ. ಮಿದುಳಿನಲ್ಲಿ ಗೆಡ್ಡೆ ಇತ್ತು. ಬದುಕಿರುವಾಗ ಅದು ಯಾರಿಗೂ ಖಚಿತವಾಗಿರಲಿಲ್ಲ. ಅದೇ ದಿನ ಹೆಂಡತಿಗೆ ಬರೆದ ಪತ್ರದಲ್ಲಿ, ತಾನು ಮಿತಿಮೀರಿ ಜವಾಬ್ದಾರಿ ಹೊತ್ತಿದ್ದೆನೆಂದೂ, ಪಾಠ ಮತ್ತು ಆಟಗಳನ್ನು ಬಿಟ್ಟು ರೊಟ್ಟಿ ಸುಡುವಂಥ ಕೆಲಸಕ್ಕೆ ಹೋಗಲು ವೈದ್ಯರು ಹೇಳಿದ್ದಾರೆಂದೂ ತಿಳಿಸಿದ್ದ. ಸಾವಿನ ಸುದ್ದಿ ಫ್ಲಾರೆನ್ಸ್‌ಗೆ ತಲುಪಿದ್ದು ಮೇ ತಿಂಗಳಲ್ಲಿ. ಶಿಬಿರಕ್ಕೆ ಬಿಡುಗಡೆಯಾದದ್ದು ಆಗಸ್ಟ್‌ನಲ್ಲಿ. ಆಕೆ ನರ್ಸ್ ಕೆಲಸ ಮಾಡಿ ಮೂವರನ್ನೂ ಬೆಳೆಸಿದಳು.

ಲಿಡೆಲ್ ಮಾಡಿದ್ದು ಸರಿಯೋ ತಪ್ಪೋ? ಇದನ್ನು ನಾನು ಅನೇಕ ದಿನ ಮನಸ್ಸಿನಲ್ಲಿ ಉರುಳಿಸಿದ್ದೇನೆ. ಶಿಬಿರದ ಮಕ್ಕಳಲ್ಲಿ ಎಷ್ಟೋ ಜನ ಮುದುಕರಾದ ಮೇಲೂ ಆತನನ್ನು ನೆನೆದು ಬರೆದಿದ್ದಾರೆ. ಆ ಮಕ್ಕಳ ಪಾಲಿಗೆ ಆತ ಅಲ್ಲಿ ಉಳಿದದ್ದೇ ಭಾಗ್ಯ. ಕೆನಡಾದ ಮೂವರು ಹೆಣ್ಣುಮಕ್ಕಳ ಪಾಲಿಗೆ? ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನಿಂದ ಆಗದ ಕೆಲಸ. ಆದರೆ ಒಂದನ್ನು ಹೇಳಬಲ್ಲೆ. ಆತನಿಗೂ ಮಕ್ಕಳಿಗೂ ನಡುವೆ ಒಂದು ಮಹಾಯುದ್ಧವಿತ್ತು, ಒಂದು ಮಹಾಸಾಗರವಿತ್ತು. ನಮ್ಮ ಅಧ್ಯಾಪಕರ ಮನೆಗೂ ಹಾಸ್ಟೆಲಿಗೂ ನಡುವೆ, ಆ ತಾಯಿ ಬರೆದಿರುವ ಪ್ರಕಾರ, ಬೈಕಿನಲ್ಲಿ ಹನ್ನೆರಡು ನಿಮಿಷ. ನನ್ನ ಶಾಲೆಗೂ ತಾರಸಿಗೂ ನಡುವೆ ಅಷ್ಟೂ ಇರಲಿಲ್ಲ.

ಇಂಥವರು ಸಾಮಾನ್ಯವಾಗಿ ಕೊಡುವ ಸಮಾಧಾನವೊಂದಿದೆ: "ಮನೆಯವರನ್ನೂ ಸೇವೆಯಲ್ಲಿ ಸೇರಿಸಿಕೊಂಡಿದ್ದೇವಲ್ಲ!" ಸೇರಿಸಿಕೊಂಡಿರುವುದು ಹೇಗೆ ಎಂದು ಕೇಳಿ ನೋಡಿ. ಭಾನುವಾರ ಇಪ್ಪತ್ತು ತಟ್ಟೆ ತೊಳೆಯುವುದು ಹೆಂಡತಿ. ಪಕ್ಕದ ಮನೆಯಿಂದ ಕುರ್ಚಿ ಹೊತ್ತು ತರುವುದು ಮಗ. (ನಮ್ಮ ವಿಜ್ಞಾನ ಸಂಘದ ಪ್ರದರ್ಶನಗಳಿಗೆ ಚಾರ್ಟು ಅಂಟಿಸಿದ್ದು ಯಾರೆಂದು ನನ್ನ ಹೆಂಡತಿ ಹೇಳಬಲ್ಲಳು.) ಅದು ಕೆಲಸ ಹಂಚಿಕೊಂಡದ್ದಾಯಿತು. ಆ ಹುಡುಗ ಕೇಳಿದ್ದು ಕೆಲಸವನ್ನಲ್ಲ.

ಇನ್ನೊಂದು ಕಾರಣವೂ ಇದೆ, ಅಧ್ಯಾಪಕರೆಲ್ಲ ಒಪ್ಪಿಕೊಳ್ಳಬೇಕಾದದ್ದು. ಹಾಸ್ಟೆಲಿನ ಹುಡುಗ ನಮ್ಮ ಮಾತನ್ನು ಕಣ್ಣರಳಿಸಿ ಕೇಳುತ್ತಾನೆ. ಮನೆಯ ಹುಡುಗ ಅದೇ ಮಾತನ್ನು ಎರಡನೇ ಸಲ ಕೇಳುತ್ತಿರುತ್ತಾನೆ, ಅದೂ ನಾವು ಬೆಳಿಗ್ಗೆ ಸಿಡುಕಿದ್ದನ್ನು ನೋಡಿದ ಮೇಲೆ. ಎಲ್ಲಿ ಗೌರವ ಸಲೀಸಾಗಿ ಸಿಗುತ್ತದೋ ಅಲ್ಲಿಗೆ ಕಾಲು ತಾನಾಗಿ ಹೋಗುತ್ತದೆ. ಅದಕ್ಕೆ ನಾವು ದೊಡ್ಡ ಹೆಸರು ಕೊಡುತ್ತೇವೆ.

ಆ ಅಧ್ಯಾಪಕರು ಈ ಅಂಕಣ ಓದುತ್ತಾರೋ ಇಲ್ಲವೋ. ಓದಿದರೆ ಅವರ ಗ್ರಂಥದಿಂದಲೇ ಒಂದು ಜಾಗ ತೋರಿಸುವ ಸಲಿಗೆ ವಹಿಸುತ್ತೇನೆ. ನನಗಿಂತ ಅವರಿಗೇ ಅದು ಚೆನ್ನಾಗಿ ಗೊತ್ತು. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ ಮೂರನೇ ಅಧ್ಯಾಯದಲ್ಲಿ, ಸಭೆಯ ಮೇಲ್ವಿಚಾರಕನಾಗುವವನು ಮೊದಲು ತನ್ನ ಮನೆಯನ್ನು ಚೆನ್ನಾಗಿ ನಡೆಸುವವನಾಗಿರಬೇಕು ಎಂದು ಹೇಳಿದೆ. ಮನೆಯನ್ನು ಅಲ್ಲಿ ಸೇವೆಗೆ ಅಡ್ಡಿಯೆಂದು ಎಣಿಸಿಲ್ಲ.

ಸೇವೆ ಬಿಡಿ ಎಂದು ನಾನು ಹೇಳಲಾರೆ. ಊರು ಬಿಟ್ಟು ಬಂದ ಹುಡುಗನಿಗೆ ಹಾಸ್ಟೆಲಿನಲ್ಲಿ ಒಬ್ಬ ಅಣ್ಣ ಸಿಗುವುದು ಸಣ್ಣ ಮಾತಲ್ಲ. ಆದರೆ ಅಲ್ಲಿ ಅಂತಿಮ ವರ್ಷದ ಹುಡುಗರಿದ್ದಾರೆ. ಎರಡು ಬೈಬಲ್ ಅಧ್ಯಯನಗಳಲ್ಲಿ ಒಂದನ್ನು ಅವರೇ ನಡೆಸಬಲ್ಲರು. ಅಣ್ಣ ಬಾರದ ಗುರುವಾರ ಅವರಿಗೂ ಒಂದು ಪಾಠ. ಊಟದ ಹೊತ್ತಿನಲ್ಲಿ ಮೊಬೈಲು ಬೇರೆ ಕೋಣೆಯಲ್ಲಿರಲಿ. ಇಷ್ಟು ಹೇಳಲು ಮೇಷ್ಟ್ರೇ ಬೇಕಿರಲಿಲ್ಲ, ಗೊತ್ತು.

ತಾಯಿಗೆ ನಾನು ಕಳಿಸಿದ ಉತ್ತರದಲ್ಲಿ ಇದಾವುದೂ ಇರಲಿಲ್ಲ. ಮಗನಿಗೆ ಬೆಳಕಿನ ಪಾಠ ಇಷ್ಟವೆಂದು ಅವರು ಪತ್ರದ ಕೊನೆಯಲ್ಲಿ ಬರೆದಿದ್ದರು. ಒಂದು ಹಾಳೆಯಲ್ಲಿ ಪ್ರಯೋಗ ಬರೆದು, ಮೇಲೆ ತಂದೆಯ ಹೆಸರನ್ನೇ ಹಾಕಿ ಅಂಚೆಗೆ ಹಾಕಿದೆ. ದಪ್ಪ ರಟ್ಟಿನಲ್ಲಿ ಗುಂಡುಸೂಜಿಯಿಂದ ಒಂದೇ ತೂತು. ಒಬ್ಬರು ಸೂರ್ಯನಿಗೆ ಬೆನ್ನು ಮಾಡಿ ಅದನ್ನು ಬಿಸಿಲಿಗೆ ಹಿಡಿಯಬೇಕು. ಇನ್ನೊಬ್ಬರು ಎರಡು ಮೀಟರ್ ದೂರದಲ್ಲಿ, ರಟ್ಟಿನ ನೆರಳಿನೊಳಗೆ, ಬಿಳಿ ಹಾಳೆ ಹಿಡಿಯಬೇಕು. ಹಾಳೆಯ ಮೇಲೆ ಮೂಡುವ ದುಂಡನೆಯ ಬೆಳಕು ಸೂರ್ಯನ ಬಿಂಬ. ಅದರ ಅಡ್ಡಗಲ ಎರಡು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಅದನ್ನು ಅಳೆದು, ದೂರದಿಂದ ಭಾಗಿಸಿ, ಸೂರ್ಯನ ದೂರ ಹದಿನೈದು ಕೋಟಿ ಕಿಲೋಮೀಟರ್ ಎಂದಿಟ್ಟುಕೊಂಡರೆ ಅವನ ಗಾತ್ರ ಲೆಕ್ಕ ಸಿಗುತ್ತದೆ. ತೂತಿನ ಮೂಲಕ ಸೂರ್ಯನನ್ನು ನೇರವಾಗಿ ನೋಡಲೇಬಾರದು. ರಟ್ಟು ಒಬ್ಬರ ಕೈಯಲ್ಲಿ, ಹಾಳೆ ಇನ್ನೊಬ್ಬರ ಕೈಯಲ್ಲಿ ಇರಬೇಕಾದ್ದರಿಂದ ಒಬ್ಬರೇ ಮಾಡುವುದು ಕಷ್ಟ. ಬಿಸಿಲು ಚೆನ್ನಾಗಿರುವಾಗ ಮಾಡಿ, ಭಾನುವಾರ ಮಧ್ಯಾಹ್ನ ಎರಡೂವರೆ ಆದರೆ ಒಳ್ಳೆಯದು ಎಂದು ಕೆಳಗೆ ಬರೆದಿದ್ದೇನೆ.